ಚಳಿಗೆ ಸ್ಟವ್ ಸೊರಗುವುದೇಕೆ? ಟೆಂಟಿನೊಳಗಿನ ತಲೆನೋವು ಎಲ್ಲಿಂದ ಬಂತು?

ಪ್ರಶ್ನೆ: ನಮಸ್ಕಾರ ಸರ್. ನಾವು ದಾವಣಗೆರೆಯ ಮೂವರು ಗೆಳೆಯರು. ಹೋದ ಡಿಸೆಂಬರ್‌ನಲ್ಲಿ ಉತ್ತರಾಖಂಡದ ಕೇದಾರಕಂಠ ಹತ್ತಿದೆವು. ಅಲ್ಲಿನ ಗೈಡ್ ಒಬ್ಬರು ಜೊತೆಗಿದ್ದರು, ಅಡುಗೆ ನಮ್ಮದೇ. ಆನ್‌ಲೈನ್‌ನಲ್ಲಿ ತರಿಸಿದ ಅಂಗೈ ಅಗಲದ ಸ್ಟವ್ ಇತ್ತು. ಗ್ಯಾಸ್‌ಗೆ ಡೆಹ್ರಾಡೂನ್‌ನಲ್ಲಿ ಉದ್ದನೆಯ ಬ್ಯುಟೇನ್ ಡಬ್ಬಿ ಕೊಂಡು, ಅಡಾಪ್ಟರ್ ಹಾಕಿಕೊಂಡೆವು. ಮಧ್ಯಾಹ್ನ ಚೆನ್ನಾಗಿ ಉರಿಯಿತು. ಬೆಳಿಗ್ಗೆ ಆರಕ್ಕೆ ಎದ್ದು ಹಚ್ಚಿದರೆ ದೀಪದ ಕುಡಿಯಷ್ಟೇ ಉರಿ. ಡಬ್ಬಿ ಅಲ್ಲಾಡಿಸಿದರೆ ಒಳಗೆ ಗ್ಯಾಸ್ ಕುಲುಕುತ್ತಿತ್ತು. "ಮೇಲೆ ಆಕ್ಸಿಜನ್ ಕಡಿಮೆ, ಅದಕ್ಕೇ" ಅಂದ ಒಬ್ಬ. "ಗ್ಯಾಸ್ ಹೆಪ್ಪುಗಟ್ಟಿದೆ, ಲೈಟರ್‌ನಿಂದ ಕಾಯಿಸೋಣ" ಅಂದ ಇನ್ನೊಬ್ಬ. ಗೈಡ್ ಬಿಡಲಿಲ್ಲ. ಕೊನೆಗೆ ಗಾಳಿ ತಪ್ಪಲಿ ಅಂತ ಟೆಂಟಿನೊಳಗೆ ಇಟ್ಟು, ಜಿಪ್ ಎಳೆದು, ಮುಕ್ಕಾಲು ಗಂಟೆಯಲ್ಲಿ ಹೇಗೋ ಮ್ಯಾಗಿ ಮಾಡಿಕೊಂಡೆವು. ಮೂವರಿಗೂ ತಲೆನೋವು ಬಂತು, ಎತ್ತರಕ್ಕೆ ಬಂದದ್ದಿರಬೇಕು. ಈ ಸೆಪ್ಟೆಂಬರ್‌ನಲ್ಲಿ ಲಡಾಖ್‌ನ ಮಾರ್ಖಾ ಕಣಿವೆಗೆ ಹೊರಟಿದ್ದೇವೆ. ಯಾವ ಸ್ಟವ್ ಕೊಳ್ಳಬೇಕು? ಖಾಲಿ ಡಬ್ಬಿಗೆ ಮನೆಯ ಸಿಲಿಂಡರ್‌ನಿಂದ ಗ್ಯಾಸ್ ತುಂಬಿಸುವ ಅಡಾಪ್ಟರ್ ನೋಡಿದೆ, ತರಿಸಬಹುದಾ? ರೈಲಿನಲ್ಲಿ, ವಿಮಾನದಲ್ಲಿ ಒಯ್ಯಬಹುದಾ? ಒಟ್ಟು ಎಷ್ಟು ಗ್ಯಾಸ್ ಬೇಕು?

ಉತ್ತರ: ನಿಮ್ಮ ಸ್ಟವ್ ಕೆಟ್ಟಿಲ್ಲ. ಬಹುಶಃ ಹೊಸದು ಕೊಳ್ಳುವ ಅಗತ್ಯವೂ ಇಲ್ಲ. ಡಬ್ಬಿಯೊಳಗಿದ್ದ ಗ್ಯಾಸ್ ಆ ಚಳಿಗೆ ಹೊಂದುವಂಥದ್ದಾಗಿರಲಿಲ್ಲ, ಅಷ್ಟೇ. ಟ್ರೆಕ್ ತಂಡಗಳ ಅಡುಗೆ ಸಾಮಾನು ಸಜ್ಜು ಮಾಡುವುದು, ಸ್ಟವ್ ರಿಪೇರಿ ಮಾಡುವುದು ನನ್ನ ಕೆಲಸ. "ಚಳಿಗೆ ಕೆಟ್ಟುಹೋಯಿತು" ಎಂದು ನನ್ನ ಹತ್ತಿರ ಬರುವ ಸ್ಟವ್‌ಗಳಲ್ಲಿ ಬಹುಪಾಲಿಗೆ ಯಾವ ರಿಪೇರಿಯೂ ಬೇಕಿರುವುದಿಲ್ಲ. ಬೆಂಗಳೂರಿನ ಹವೆಯಲ್ಲಿ ಹಚ್ಚಿದರೆ ಭರ್ರನೆ ಉರಿಯುತ್ತವೆ.

ಸ್ಟವ್ ವಿಚಾರ ಆಮೇಲೆ ನೋಡೋಣ. ತಲೆನೋವಿನ ಬಗ್ಗೆ ನೀವು ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಿ. ನನಗೆ ಗಾಬರಿಯಾದದ್ದು ಅದನ್ನು ಓದಿ.

ಆ ತಲೆನೋವು

ಮುಚ್ಚಿದ ಟೆಂಟು, ಮುಕ್ಕಾಲು ಗಂಟೆ ಉರಿದ ಸ್ಟವ್, ಮೂವರಿಗೂ ಒಟ್ಟಿಗೇ ತಲೆನೋವು. ಇದನ್ನು ಎತ್ತರದ ಲೆಕ್ಕಕ್ಕೆ ಬರೆದು ಸುಮ್ಮನಾಗುವ ಹಾಗಿಲ್ಲ. ಎತ್ತರವೇ ಕಾರಣ ಇರಬಹುದು, ನಿಜ. ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಕೂಡ ಇರಬಹುದು. ಎರಡರ ಲಕ್ಷಣಗಳೂ ಹೆಚ್ಚುಕಡಿಮೆ ಒಂದೇ: ತಲೆನೋವು, ವಾಕರಿಕೆ, ಸುಸ್ತು, ತಲೆ ತಿರುಗುವುದು. ಅಪಾಯ ಇರುವುದು ಅಲ್ಲೇ. ಎತ್ತರದಲ್ಲಿ ಇರುವವರು ಯಾವ ತಲೆನೋವನ್ನಾದರೂ "ಆಲ್ಟಿಟ್ಯೂಡ್" ಅಂದು ಮಾತ್ರೆ ನುಂಗಿ ಮಲಗಿಬಿಡುತ್ತಾರೆ. ಸ್ಟವ್ ಇನ್ನೂ ಉರಿಯುತ್ತಿದ್ದರೆ?

ಗ್ಯಾಸ್‌ಗೆ ಸಾಕಷ್ಟು ಗಾಳಿ ಸಿಕ್ಕಿದರೆ ಅದು ಪೂರ್ತಿ ಉರಿಯುತ್ತದೆ. ಗಾಳಿ ಸಾಲದೆ ಹೋದರೆ ಅರ್ಧಂಬರ್ಧ ಉರಿದು ಮಾನಾಕ್ಸೈಡ್ ಹುಟ್ಟುತ್ತದೆ. ಹಿಮ ತುಂಬಿದ ಪಾತ್ರೆಯ ತಣ್ಣನೆಯ ತಳ ಉರಿಗೆ ತಾಗಿದರೂ ಹೀಗೇ ಆಗುತ್ತದೆ. ಉರಿ ಪೂರ್ತಿ ಮುಗಿಯುವ ಮೊದಲೇ ತಣ್ಣಗಾಗಿಬಿಡುತ್ತದೆ. ನಿಮ್ಮ ಟೆಂಟಿನಲ್ಲಿ ಎರಡೂ ಒಟ್ಟಿಗೆ ಇದ್ದಿರಬಹುದು. ಮನೆಯ ಗ್ಯಾಸ್ ಸೋರಿದರೆ ಮೂಗಿಗೆ ಗೊತ್ತಾಗುತ್ತದೆ, ಏಕೆಂದರೆ ಅದಕ್ಕೆ ಬೇಕೆಂದೇ ನಾರುವ ರಾಸಾಯನಿಕ ಸೇರಿಸಿರುತ್ತಾರೆ. ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ, ಕಣ್ಣೂ ಉರಿಯುವುದಿಲ್ಲ. ರಕ್ತದ ಹಿಮೋಗ್ಲೋಬಿನ್ ಇದನ್ನು ಆಕ್ಸಿಜನ್‌ಗಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಎತ್ತರದಲ್ಲಿ ಮೊದಲೇ ಆಕ್ಸಿಜನ್ ಕೊರತೆ, ಅದರ ಮೇಲೆ ಇದು.

ಇನ್ನೊಂದು ವಿಚಾರ ಬಹಳ ಜನಕ್ಕೆ ಗೊತ್ತಿಲ್ಲ. ಈಗ ಟ್ರೆಕ್‌ಗೆ ಹೋಗುವವರೆಲ್ಲ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇಟ್ಟುಕೊಂಡಿರುತ್ತಾರೆ. ಮಾನಾಕ್ಸೈಡ್ ಹಿಡಿದ ರಕ್ತವನ್ನೂ ಈ ಯಂತ್ರ ಆಕ್ಸಿಜನ್ ತುಂಬಿದ ರಕ್ತ ಎಂದೇ ಓದುತ್ತದೆ. ಮನುಷ್ಯ ಕುಸಿಯುತ್ತಿದ್ದರೂ ಅಂಕಿ ಚೆನ್ನಾಗಿಯೇ ಕಾಣಬಹುದು. ಅದನ್ನು ನಂಬಿ ಕೂರಬೇಡಿ.

2020ರ ಜನವರಿಯಲ್ಲಿ ನೇಪಾಳದ ದಮನ್ ಎಂಬಲ್ಲಿ, ಕೋಣೆಯಲ್ಲಿ ಗ್ಯಾಸ್ ಹೀಟರ್ ಹಚ್ಚಿ ಮಲಗಿದ್ದ ಕೇರಳದ 8 ಪ್ರವಾಸಿಗರು ತೀರಿಕೊಂಡರು. ಅವರಲ್ಲಿ 4 ಮಕ್ಕಳಿದ್ದರು. ಅದು ಹೋಟೆಲಿನ ಕೋಣೆ. ಟೆಂಟು ಅದಕ್ಕಿಂತ ಎಷ್ಟೋ ಚಿಕ್ಕದು.

ಹಾಗಾಗಿ ಟೆಂಟಿನೊಳಗೆ ಸ್ಟವ್ ಬೇಡ. ಮಳೆ ಬರಲಿ, ಗಾಳಿ ಬರಲಿ. ಹೊರಗೆ ಕೂರಲು ಆಗುವುದೇ ಇಲ್ಲ ಎಂಬ ಪರಿಸ್ಥಿತಿ ಬಂದರೆ, ಟೆಂಟಿನ ಮುಂದಿನ ಚಾವಣಿಯ ತುದಿಯಲ್ಲಿ, ಬಾಗಿಲನ್ನು ಪೂರ್ತಿ ತೆರೆದು, ಒಬ್ಬರು ಅಲ್ಲೇ ಎಚ್ಚರವಾಗಿ ಕೂತು ನೀರು ಕಾಯಿಸಿ ತಕ್ಷಣ ಆರಿಸಬೇಕು. ಅದರಲ್ಲೂ ಅಪಾಯ ಇದ್ದೇ ಇದೆ. ಟೆಂಟಿನ ನೈಲಾನ್ ಬಟ್ಟೆಗೆ ಉರಿ ತಾಗಿದರೆ ಕ್ಷಣದಲ್ಲಿ ಕರಗಿ ಮೈಗೆ ಅಂಟುತ್ತದೆ. ಪರ್ವತಾರೋಹಿಗಳು ಹಿಮಗಾಳಿಯಲ್ಲಿ ಟೆಂಟಿನೊಳಗೇ ನೀರು ಕಾಯಿಸುತ್ತಾರೆ ಎಂದು ನೀವು ಕೇಳಿರಬಹುದು. ಹೌದು, ಕಾಯಿಸುತ್ತಾರೆ. ಅವರಿಗೆ ಬೇರೆ ದಾರಿ ಇರುವುದಿಲ್ಲ. ಮಾರ್ಖಾದಲ್ಲಿ ನಿಮಗೆ ಇರುತ್ತದೆ.

ಸ್ಟವ್ ಹತ್ತಿರ ಇದ್ದವರಿಗೆಲ್ಲ ಒಟ್ಟಿಗೇ ತಲೆನೋವು ಬಂದರೆ ಮೊದಲು ಎಲ್ಲರೂ ಹೊರಗೆ ಬನ್ನಿ, ಸ್ಟವ್ ಆರಿಸಿ. ಹೊರಗಿನ ಗಾಳಿಯಲ್ಲಿ ಹಗುರಾಗುತ್ತಾ ಹೋದರೆ ಸ್ಟವ್ ಮೇಲೆ ಅನುಮಾನ ಪಡಿ. ಆಗದಿದ್ದರೆ ಎತ್ತರದ ತೊಂದರೆ ಎಂದೇ ತಿಳಿದು ಮೇಲೆ ಹತ್ತುವುದನ್ನು ನಿಲ್ಲಿಸಿ, ಹೆಚ್ಚಾದರೆ ಕೆಳಗಿಳಿಯಿರಿ. ಯಾರಿಗಾದರೂ ಮಾತು ತೊದಲಿದರೆ, ನಡಿಗೆ ತಪ್ಪಿದರೆ, ಮಂಪರು ಕವಿದರೆ ಕಾರಣ ಹುಡುಕುತ್ತಾ ಕೂರಬೇಡಿ. ಆಕ್ಸಿಜನ್ ಸಿಲಿಂಡರ್ ಹತ್ತಿರದಲ್ಲಿದ್ದರೆ ಕೊಡಿಸಿ, ಕೆಳಗಿಳಿಸಿ, ಆಸ್ಪತ್ರೆಗೆ ಸೇರಿಸಿ.

ಉರಿ ಕುಗ್ಗಿದ್ದು ಯಾಕೆ

ಈಗ ನಿಮ್ಮ ಗೆಳೆಯರ ಇಬ್ಬರ ವಾದ.

ಆಕ್ಸಿಜನ್ ಕಡಿಮೆ ಎಂಬುದು ನಿಜ, ಆದರೆ ನಿಮ್ಮ ಉರಿ ಕುಗ್ಗಲು ಅದು ಕಾರಣವಲ್ಲ. ಹಾಗಿದ್ದರೆ ಹಿಂದಿನ ದಿನ ಮಧ್ಯಾಹ್ನವೂ ಅದು ಕುಗ್ಗಬೇಕಿತ್ತು, ಅಲ್ವಾ? ಎತ್ತರ ಬದಲಾಗಿರಲಿಲ್ಲ, ಚಳಿ ಬದಲಾಗಿತ್ತು.

ಗ್ಯಾಸ್ ಹೆಪ್ಪುಗಟ್ಟಿತು ಎಂಬುದಂತೂ ಸಾಧ್ಯವೇ ಇಲ್ಲ. ಬ್ಯುಟೇನ್ ಹೆಪ್ಪುಗಟ್ಟಲು ಸೊನ್ನೆಗಿಂತ 138 ಡಿಗ್ರಿ ಕೆಳಗೆ ಹೋಗಬೇಕು. ಡಬ್ಬಿಯ ಹೊರಮೈಯಲ್ಲಿ ಬೆಳ್ಳಗೆ ಕೂರುವುದು ಗಾಳಿಯ ತೇವ ಮಾತ್ರ.

ಡಬ್ಬಿಯೊಳಗೆ ಕುಲುಕುತ್ತಿದ್ದದ್ದು ದ್ರವ. ಸ್ಟವ್ ಉರಿಸುವುದು ಆ ದ್ರವದಿಂದ ಏಳುವ ಆವಿಯನ್ನು. ಡಬ್ಬಿಯಲ್ಲಿ ಪಂಪು ಗಿಂಪು ಏನೂ ಇಲ್ಲ, ಆವಿಯ ಒತ್ತಡವೇ ಗ್ಯಾಸನ್ನು ಹೊರಗೆ ತಳ್ಳಬೇಕು. ಆ ಒತ್ತಡ ನಿಂತಿರುವುದು ದ್ರವ ಎಷ್ಟು ಬೆಚ್ಚಗಿದೆ ಎಂಬುದರ ಮೇಲೆ. ಮಾಮೂಲಿ ಬ್ಯುಟೇನ್ ಸಮುದ್ರಮಟ್ಟದಲ್ಲಿ ಮೈನಸ್ 0.5 ಡಿಗ್ರಿಗೆ ಕುದಿಯುತ್ತದೆ. ಅದಕ್ಕಿಂತ ಚಳಿಯಾದರೆ ಆವಿಯ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಕಡಿಮೆಯಾಗುತ್ತದೆ, ಗ್ಯಾಸ್ ಹೊರಗೆ ಬರುವುದೇ ಇಲ್ಲ. ಅದರ ಸೋದರ ಐಸೊಬ್ಯುಟೇನ್ ಕುದಿಯುವುದು ಸುಮಾರು ಮೈನಸ್ 12ಕ್ಕೆ. ಪ್ರೊಪೇನ್ ಮೈನಸ್ 42ಕ್ಕೆ.

ಕುದಿಯುವ ಮಟ್ಟಕ್ಕೆ ಬಂದರಷ್ಟೇ ಸಾಲದು. ಜೋರು ಉರಿ ಬೇಕಾದರೆ ಅದಕ್ಕಿಂತ ಹತ್ತು ಡಿಗ್ರಿಯಾದರೂ ಬೆಚ್ಚಗಿರಬೇಕು. ಬರೀ ಬ್ಯುಟೇನ್ ಡಬ್ಬಿಯಲ್ಲಿ ಅಡುಗೆ ಮಾಡಲು ತಗ್ಗು ಪ್ರದೇಶದಲ್ಲಿ 10 ಡಿಗ್ರಿ ಇದ್ದರೆ ಒಳ್ಳೆಯದು.

ಇಲ್ಲೊಂದು ತಮಾಷೆ ಇದೆ. ಎತ್ತರ ನಿಮಗೆ ಸಹಾಯವನ್ನೇ ಮಾಡಿತ್ತು. ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ, ಹಾಗಾಗಿ ಬ್ಯುಟೇನ್‌ಗೆ ಹೊರಗೆ ಬರುವುದು ಸುಲಭ. ಕೇದಾರಕಂಠದ ಕ್ಯಾಂಪ್ ಸುಮಾರು 3,400 ಮೀಟರ್ ಎತ್ತರದಲ್ಲಿದೆ. ಆ ಎತ್ತರದಲ್ಲಿ ಬ್ಯುಟೇನ್ ಮೈನಸ್ 11ರ ಆಸುಪಾಸಿನಲ್ಲಿ ಕುದಿಯುತ್ತದೆ. ಅದಕ್ಕೇ ನಿಮಗೆ ಕುಡಿಯಷ್ಟಾದರೂ ಉರಿ ಸಿಕ್ಕಿದ್ದು. ಅಷ್ಟೇ ಚಳಿ ಸಮುದ್ರದ ದಡದಲ್ಲಿ ಇದ್ದಿದ್ದರೆ ಸ್ಟವ್ ಹೊತ್ತುತ್ತಲೇ ಇರಲಿಲ್ಲ.

ಇದರ ಜೊತೆ ಡಬ್ಬಿ ತನ್ನನ್ನು ತಾನೇ ತಣ್ಣಗೆ ಮಾಡಿಕೊಳ್ಳುತ್ತದೆ. ಇಂಜೆಕ್ಷನ್ ಕೊಡುವ ಮೊದಲು ನರ್ಸ್ ತೋಳಿಗೆ ಸ್ಪಿರಿಟ್ ಒರೆಸಿದಾಗ ತಣ್ಣಗಾಗುತ್ತದಲ್ಲ, ಹಾಗೇ. ದ್ರವ ಆವಿಯಾಗಲು ಶಾಖ ಬೇಕು, ಅದನ್ನು ಅದು ಡಬ್ಬಿಯಿಂದಲೇ ಎಳೆದುಕೊಳ್ಳುತ್ತದೆ. ಹಚ್ಚಿದಾಗ ಚೆನ್ನಾಗಿದ್ದ ಉರಿ ಐದು ಹತ್ತು ನಿಮಿಷದಲ್ಲಿ ಇಳಿಯುವುದು ಇದರಿಂದ. ಡಬ್ಬಿಯಲ್ಲಿ ಗ್ಯಾಸ್ ಕಡಿಮೆಯಾದಷ್ಟೂ ಇದು ಬೇಗ ಆಗುತ್ತದೆ.

ಕೈಲಿರುವ ಡಬ್ಬಿಯಿಂದಲೇ ಹೆಚ್ಚು ಉರಿ ಪಡೆಯುವುದು

ರಾತ್ರಿ ಡಬ್ಬಿಯನ್ನು ಸ್ಟವ್‌ನಿಂದ ಬಿಚ್ಚಿ, ಮುಚ್ಚಳ ಹಾಕಿ, ಸಾಕ್ಸ್‌ನಲ್ಲಿ ಸುತ್ತಿ ಸ್ಲೀಪಿಂಗ್ ಬ್ಯಾಗಿನ ಕಾಲ್ದೆಸೆಯಲ್ಲಿಟ್ಟುಕೊಳ್ಳಿ. ಒಳ್ಳೆಯ ಡಬ್ಬಿಯ ವಾಲ್ವ್ ತಾನಾಗಿಯೇ ಮುಚ್ಚಿಕೊಳ್ಳುತ್ತದೆ, ಸೋರುವುದಿಲ್ಲ. ಆದರೂ ಮೊದಲು ಮೂಗಿಟ್ಟು ನೋಡಿ. ಬೆಳಿಗ್ಗೆ ಎದ್ದ ತಕ್ಷಣ ಜಾಕೆಟ್ಟಿನೊಳಗೆ ಸೇರಿಸಿ.

ಹಚ್ಚಿದ ಮೇಲೆ ಡಬ್ಬಿ ತಣ್ಣಗಾಗದಂತೆ ಅದನ್ನು ತಟ್ಟೆಯಲ್ಲಿ ಎರಡು ಬೆರಳು ಎತ್ತರ ನೀರು ಹಾಕಿ ನಿಲ್ಲಿಸಬಹುದು. ಬಿಸಿನೀರು ಬೇಕಿಲ್ಲ. ಹೊರಗೆ ಮೈನಸ್ 5 ಇದ್ದಾಗ ಬಾಟಲಿಯಲ್ಲಿ ರಾತ್ರಿ ಪಕ್ಕದಲ್ಲಿಟ್ಟುಕೊಂಡಿದ್ದ ನೀರೇ ಡಬ್ಬಿಗೆ ಬೆಚ್ಚಗೆ. ಬೇಕಿದ್ದರೆ ಉಗುರುಬೆಚ್ಚಗಿನ ನೀರು ಹಾಕಿ. ಕೈ ಇಟ್ಟರೆ ಸುಡುವಷ್ಟು ಮಾತ್ರ ಬೇಡ. 50 ಡಿಗ್ರಿ ಮೀರಿಸಬಾರದು ಎಂದು ಡಬ್ಬಿಯ ಮೇಲೇ ಬರೆದಿರುತ್ತದೆ.

ಲೈಟರ್, ಮೇಣದಬತ್ತಿ, ಪಕ್ಕದಲ್ಲಿ ಕಟ್ಟಿಗೆ ಬೆಂಕಿ, ಇದ್ಯಾವುದೂ ಕೂಡದು. ತೆಳು ತಗಡಿನ ಒಂದೇ ಜಾಗ ಕಾದು ಒತ್ತಡ ಏರಿದರೆ ನಿಮಗೆ ಎದ್ದು ಓಡಲು ಸಮಯ ಇರುವುದಿಲ್ಲ. ನಿಮ್ಮ ಗೈಡ್ ಅವತ್ತು ದೊಡ್ಡ ಉಪಕಾರ ಮಾಡಿದ್ದಾರೆ.

ಗಾಳಿ ಮರೆಯ ವಿಚಾರದಲ್ಲೂ ಇದೇ ಎಚ್ಚರ ಬೇಕು. ಗಾಳಿ ಬೀಸಿದರೆ ಗ್ಯಾಸ್ ಎರಡು ಪಟ್ಟು ಖರ್ಚಾಗುವುದು ಸುಲಭ. ಅದಕ್ಕೆ ಜನ ತಗಡಿನ ಹಾಳೆಯನ್ನು ಸ್ಟವ್ ಸುತ್ತ ಪೂರ್ತಿ ಸುತ್ತುತ್ತಾರೆ. ಡಬ್ಬಿಯ ತಲೆಯ ಮೇಲೇ ಬರ್ನರ್ ಕೂರುವ ಸ್ಟವ್‌ಗೆ ಹೀಗೆ ಮಾಡಿದರೆ ಶಾಖವೆಲ್ಲ ಡಬ್ಬಿಯ ಮೇಲೆ ಬೀಳುತ್ತದೆ. ಗಾಳಿ ಬರುವ ಕಡೆ ಮಾತ್ರ ಕಲ್ಲನ್ನೋ ಬ್ಯಾಗನ್ನೋ ಒಂದು ಮೊಳ ದೂರದಲ್ಲಿಟ್ಟು ಮರೆ ಮಾಡಿ. ಆಗಾಗ ಡಬ್ಬಿ ಮುಟ್ಟಿ ನೋಡಿ. ತಣ್ಣಗಿರಬೇಕು. ಬೆಚ್ಚಗಾದರೆ ಆರಿಸಿ. ಪಿಕ್‌ನಿಕ್‌ಗೆ ಒಯ್ಯುವ ಪೆಟ್ಟಿಗೆಯಂಥ ಸ್ಟವ್ ಮೇಲೆ ದೊಡ್ಡ ದೋಸೆ ಹೆಂಚು ಇಟ್ಟು, ಅದು ಡಬ್ಬಿಯ ಗೂಡಿನ ಮೇಲೂ ಚಾಚಿಕೊಂಡರೆ ಆಗುವುದೂ ಇದೇ.

ನಿಮ್ಮ ಅಡಾಪ್ಟರ್ ಬಗ್ಗೆ ಒಂದು ಮಾತು. ಉದ್ದ ಡಬ್ಬಿಯನ್ನು ಅಡ್ಡ ಮಲಗಿಸಿದಾಗ ಅದರ ಕುತ್ತಿಗೆಯ ಕಚ್ಚು ಮೇಲ್ಮುಖವಾಗಿರಬೇಕು. ಆಗ ಒಳಗಿನ ಕೊಳವೆ ದ್ರವದ ಮೇಲಿನ ಆವಿಯನ್ನು ಎಳೆಯುತ್ತದೆ. ಕಚ್ಚು ಕೆಳಗಾದರೆ ದ್ರವವೇ ಬರ್ನರ್‌ಗೆ ಹೋಗಿ ಭಗ್ಗನೆ ಹಳದಿ ಜ್ವಾಲೆ ಏಳುತ್ತದೆ. ಹುಬ್ಬು ಸುಟ್ಟುಕೊಂಡು ಬಂದವರನ್ನು ಕೇಳಿದರೆ ಬಹಳ ಸಲ ಇದೇ ಕಥೆ.

ಮಾರ್ಖಾಗೆ ಏನು ಒಯ್ಯುವುದು

ಮೊದಲು ಯಾವ ಗ್ಯಾಸ್ ಎಂದು ತೀರ್ಮಾನಿಸಿ, ಆಮೇಲೆ ಯಾವ ಸ್ಟವ್ ಎಂದು. ಮಾರ್ಖಾ ದಾರಿಯಲ್ಲಿ ಮೊದಲ ಹಳ್ಳಿಗಳಲ್ಲಿ ಸೆಪ್ಟೆಂಬರ್ ಹಿತವಾಗಿಯೇ ಇರುತ್ತದೆ. ನಿಮಗೆ ಪರೀಕ್ಷೆ ನಿಮಾಲಿಂಗ್‌ನಲ್ಲಿ. 4,700 ಮೀಟರ್ ಮೇಲಿನ ಹುಲ್ಲುಗಾವಲು ಅದು. ಮರುದಿನ 5,100 ಮೀಟರ್ ಮೀರಿದ ಕೊಂಗ್ಮಾರು ಲಾ ಎಂಬ ಪರ್ವತದ ದಾರಿ ದಾಟಬೇಕು. ಅಲ್ಲಿ ಸೆಪ್ಟೆಂಬರ್ ರಾತ್ರಿ ಸೊನ್ನೆಗಿಂತ ಕೆಳಗಿಳಿಯುವುದು ಮಾಮೂಲು.

ಅದಕ್ಕೆ ಕುಳ್ಳಗೆ ಗುಂಡಗಿರುವ, ತಿರುಪಿನ ಡಬ್ಬಿ ಕೊಳ್ಳಿ. 100, 230, 450 ಗ್ರಾಂ ಅಳತೆಗಳಲ್ಲಿ ಸಾಮಾನ್ಯವಾಗಿ ಸಿಗುತ್ತವೆ. ಬ್ರ್ಯಾಂಡ್‌ಗಿಂತ ಮುಖ್ಯವಾದದ್ದು ಲೇಬಲ್ ಮೇಲಿನ ಸಣ್ಣ ಅಕ್ಷರ. ಐಸೊಬ್ಯುಟೇನ್ ಮತ್ತು ಪ್ರೊಪೇನ್ ಎಂದಿದ್ದರೆ ಉತ್ತಮ. ಬ್ಯುಟೇನ್ ಜೊತೆ ಪ್ರೊಪೇನ್ ಎಂದಿದ್ದರೆ ಪರವಾಗಿಲ್ಲ. ಬರೀ ಬ್ಯುಟೇನ್ ಎಂದಿದ್ದರೆ ಬಿಡಿ. ಒಂದು ಮಿತಿ ಮಾತ್ರ ಗೊತ್ತಿರಲಿ: ಮಿಶ್ರಣದಲ್ಲಿ ಪ್ರೊಪೇನ್ ಮೊದಲು ಆವಿಯಾಗಿ ಹೋಗುತ್ತದೆ. ಡಬ್ಬಿ ಮುಕ್ಕಾಲು ಖಾಲಿಯಾಗುವ ಹೊತ್ತಿಗೆ ಉಳಿಯುವುದು ಹೆಚ್ಚಾಗಿ ಬ್ಯುಟೇನ್. ಹಾಗಾಗಿ ಅರ್ಧ ಬಳಸಿದ ಡಬ್ಬಿಯನ್ನು ಕೆಳಗಿನ ಹಳ್ಳಿಗಳಲ್ಲಿ ಮುಗಿಸಿ, ನಿಮಾಲಿಂಗ್‌ಗೆ ಹೊಸದನ್ನು ಇಟ್ಟುಕೊಳ್ಳಿ. ದುಡ್ಡು ಖರ್ಚಿಲ್ಲದ ಉಪಾಯ ಇದು.

ನಿಮ್ಮ ಸ್ಟವ್ ಅಡಾಪ್ಟರ್ ಮೂಲಕ ಉದ್ದ ಡಬ್ಬಿಗೆ ಕೂತಿತ್ತು ಅಂದರೆ ಅದು ಮೂಲತಃ ತಿರುಪಿನ ಡಬ್ಬಿಯದೇ ಇರಬೇಕು. ಅಡಾಪ್ಟರ್ ತೆಗೆದರೆ ನೇರ ಕೂರುತ್ತದೆ. 100 ಗ್ರಾಂ ಆಸುಪಾಸು ತೂಗುವ ಅಂಥ ಸ್ಟವ್ ಮೂವರಿಗೆ ಸಾಕು. ಅದರ ದೌರ್ಬಲ್ಯ ಎರಡು. ಎತ್ತರಕ್ಕೆ ನಿಲ್ಲುವುದರಿಂದ ದೊಡ್ಡ ಪಾತ್ರೆ ಇಟ್ಟರೆ ಮಗುಚುತ್ತದೆ. ಗಾಳಿಗೆ ಬೇಗ ಸೋಲುತ್ತದೆ. ಹಾಗಾಗಿ ಒಂದೂವರೆ ಲೀಟರಿಗಿಂತ ದೊಡ್ಡ ಪಾತ್ರೆ ಬೇಡ.

ಡಿಸೆಂಬರ್‌ನಲ್ಲಿ ಮತ್ತೆ ಹಿಮಕ್ಕೆ ಹೋಗುವ ಯೋಚನೆ ಇದ್ದರೆ ಮಾತ್ರ ಹೊಸ ಸ್ಟವ್‌ಗೆ ದುಡ್ಡು ಹಾಕಿ. ಆಗ ಬೇಕಾದದ್ದು ಬರ್ನರ್ ನೆಲದ ಮೇಲೆ, ಡಬ್ಬಿ ಪೈಪಿನ ತುದಿಯಲ್ಲಿ ದೂರ ಇರುವಂಥದ್ದು. ಗ್ಯಾಸ್ ಹೋಗುವ ಲೋಹದ ಕೊಳವೆ ಉರಿಯ ಪಕ್ಕದಲ್ಲೇ ಹಾದುಹೋಗಿರಬೇಕು. ಇದು ಇದ್ದರೆ ಡಬ್ಬಿಯನ್ನು ತಲೆಕೆಳಗೆ ಮಾಡಿ ದ್ರವವನ್ನೇ ಕಳಿಸಬಹುದು, ಅದು ಬಿಸಿ ಕೊಳವೆಯಲ್ಲಿ ಆವಿಯಾಗುತ್ತದೆ. ಪ್ರೊಪೇನ್ ಮೊದಲೇ ಖಾಲಿಯಾಗುವ ತಕರಾರು ಇಲ್ಲ, ಚಳಿಯಲ್ಲೂ ಕೊನೆಯ ಹನಿವರೆಗೆ ಉರಿಯುತ್ತದೆ. ಗಾಳಿ ಮರೆಯನ್ನೂ ಧೈರ್ಯವಾಗಿ ಕಟ್ಟಬಹುದು, ಡಬ್ಬಿ ಅದರ ಹೊರಗಿದ್ದರೆ ಆಯಿತು. ಮೊದಲ ಒಂದು ನಿಮಿಷ ಡಬ್ಬಿ ನೆಟ್ಟಗಿಟ್ಟೇ ಉರಿಸಿ, ಕೊಳವೆ ಕಾದ ಮೇಲೆ ಮಗುಚಬೇಕು. ಕೊಳವೆ ಇಲ್ಲದ ಸ್ಟವ್‌ಗೆ ಈ ಕೆಲಸ ಮಾಡಿದರೆ ಜ್ವಾಲೆ ಆಳೆತ್ತರ ಎದ್ದೀತು.

ಪಾತ್ರೆ, ಬರ್ನರ್ ಒಂದಕ್ಕೊಂದು ಬೆಸೆದುಕೊಂಡು ಬರುವ ದುಬಾರಿ ಸ್ಟವ್‌ಗಳಿವೆ, ಪಾತ್ರೆಯ ತಳದಲ್ಲಿ ಲೋಹದ ಪಟ್ಟಿಗಳಿರುತ್ತವೆ. ನೀರು ಕಾಯಿಸಲು ಬಹಳ ಚುರುಕು. ಉಪ್ಪಿಟ್ಟು ಮಾಡಲು ಹೋದರೆ ತಳ ಹಿಡಿಯುತ್ತದೆ. ಅಡುಗೆ ಇಷ್ಟಪಡುವವರಿಗೆ ನಾನು ಹೇಳುವುದಿಲ್ಲ.

ಸೀಮೆಎಣ್ಣೆಯ ಪಂಪ್ ಸ್ಟವ್ ಚಳಿಗೆ ಹೆದರುವುದಿಲ್ಲ, ಏಕೆಂದರೆ ಒತ್ತಡವನ್ನು ನಿಮ್ಮ ಕೈಯೇ ಕೊಡುತ್ತದೆ. ನಮ್ಮ ಅಜ್ಜಿಯರು ಪಿನ್ ಹಾಕಿ ಸರಿಮಾಡುತ್ತಿದ್ದ ಹಿತ್ತಾಳೆ ಸ್ಟವ್‌ನ ವಂಶ 1892ರ ಸುಮಾರಿಗೆ ಸ್ವೀಡನ್‌ನಲ್ಲಿ ಹುಟ್ಟಿದ ಪ್ರೈಮಸ್. 1953ರಲ್ಲಿ ಎವರೆಸ್ಟ್‌ನ ಕೊನೆಯ ಕ್ಯಾಂಪಿನಲ್ಲಿ ತೇನ್‌ಸಿಂಗ್ ಮತ್ತು ಹಿಲರಿ ಹಿಮ ಕರಗಿಸಿದ್ದು ಅಂಥದ್ದರಲ್ಲೇ. ಆದರೆ ಭಾರ, ಮಸಿ, ವಾಸನೆ, ಹಚ್ಚುವಾಗ ಏಳುವ ಜ್ವಾಲೆ, ಇಷ್ಟೆಲ್ಲ ನಿಮಗೆ ಐದು ದಿನದ ಸೆಪ್ಟೆಂಬರ್ ಟ್ರೆಕ್‌ಗೆ ಯಾಕೆ?

ಮನೆಯ ಸಿಲಿಂಡರ್‌ನಿಂದ ತುಂಬಿಸುವುದು

ಬೇಡ. ಇದರಲ್ಲಿ "ಹುಷಾರಾಗಿ ಮಾಡಿದರೆ ಆಗಬಹುದು" ಎಂಬ ಮಾತೇ ಇಲ್ಲ.

ಮನೆಯ ಸಿಲಿಂಡರ್‌ನಲ್ಲಿ ಬ್ಯುಟೇನ್ ಜೊತೆ ಪ್ರೊಪೇನ್ ಇರುತ್ತದೆ. ಉದ್ದನೆಯ ತೆಳು ಡಬ್ಬಿ ಬ್ಯುಟೇನ್‌ಗೆಂದೇ ಮಾಡಿದ್ದು. 40 ಡಿಗ್ರಿ ಬಿಸಿಲಿನಲ್ಲಿ ಬ್ಯುಟೇನ್‌ನ ಒತ್ತಡ 4 ಬಾರ್ ಒಳಗೇ ಇರುತ್ತದೆ (ಒಂದು ಬಾರ್ ಅಂದರೆ ಹೆಚ್ಚುಕಡಿಮೆ ಸಮುದ್ರಮಟ್ಟದ ಗಾಳಿಯ ಒತ್ತಡ). ಅದೇ ಬಿಸಿಲಿಗೆ ಪ್ರೊಪೇನ್‌ದು 14ರ ಹತ್ತಿರ. ಮಿಶ್ರಣದ ಒತ್ತಡ ಇವೆರಡರ ನಡುವೆ ಎಲ್ಲೋ ಇರುತ್ತದೆ, ಎಲ್ಲಿ ಅಂತ ನಿಮಗೆ ಗೊತ್ತಾಗುವುದಿಲ್ಲ. ದಾವಣಗೆರೆಯ ಏಪ್ರಿಲ್ ಗೊತ್ತಲ್ಲ ನಿಮಗೆ. ತಿರುಪಿನ ಡಬ್ಬಿ ಗಟ್ಟಿಯಾಗಿದ್ದರೂ ಇನ್ನೊಂದು ತೊಂದರೆ ಇದೆ. ಗ್ಯಾಸ್ ದ್ರವ ಬಿಸಿಗೆ ಚೆನ್ನಾಗಿ ಹಿಗ್ಗುತ್ತದೆ. ಕಾರ್ಖಾನೆಯಲ್ಲಿ ಅದಕ್ಕಾಗಿ ಜಾಗ ಬಿಟ್ಟು ತೂಕ ಹಿಡಿದು ತುಂಬುತ್ತಾರೆ. ಸಿಲಿಂಡರ್ ತಲೆಕೆಳಗೆ ಮಾಡಿ ಅಂದಾಜಿನ ಮೇಲೆ ತುಂಬಿದಾಗ ಜಾಗ ಉಳಿದಿದೆಯೋ ಇಲ್ಲವೋ ಹೇಳುವವರು ಯಾರು? ಉಳಿದಿಲ್ಲದಿದ್ದರೆ ಬಿಸಿಲಲ್ಲಿ ನಿಂತ ಕಾರಿನೊಳಗೆ ಡಬ್ಬಿ ಸೀಳುತ್ತದೆ. ತುಂಬುವಾಗ ಸೋರಿದ ಗ್ಯಾಸ್ ಗಾಳಿಗಿಂತ ಭಾರ, ಅಡುಗೆಮನೆಯ ನೆಲದಲ್ಲೇ ಹರಡಿ ಫ್ರಿಜ್ಜಿನ ಕಿಡಿಗೆ ಕಾಯುತ್ತದೆ. ಪರವಾನಗಿ ಇಲ್ಲದೆ ಹೀಗೆ ಒಂದರಿಂದ ಇನ್ನೊಂದಕ್ಕೆ ತುಂಬಿಸುವುದು ಗ್ಯಾಸ್ ಸಿಲಿಂಡರ್ ನಿಯಮಗಳ ಪ್ರಕಾರ ತಪ್ಪು ಕೂಡ.

ರೈಲು, ವಿಮಾನ

ವಿಮಾನದಲ್ಲಿ ಗ್ಯಾಸ್ ಡಬ್ಬಿ ಕೈಚೀಲದಲ್ಲೂ ಇಲ್ಲ, ಚೆಕ್-ಇನ್ ಲಗೇಜಿನಲ್ಲೂ ಇಲ್ಲ. ಅರ್ಧ ಖಾಲಿಯಾದದ್ದೂ ಇಲ್ಲ. ಸ್ಟವ್‌ನ ಬರ್ನರ್ ಮಾತ್ರ ಚೊಕ್ಕವಾಗಿದ್ದು, ಗ್ಯಾಸ್ ವಾಸನೆ ಇರದಿದ್ದರೆ ಚೆಕ್-ಇನ್‌ನಲ್ಲಿ ಸಾಮಾನ್ಯವಾಗಿ ಹೋಗುತ್ತದೆ. ಆದರೂ ಏರ್‌ಲೈನ್‌ನವರನ್ನು ಮೊದಲೇ ಕೇಳಿ, ಉತ್ತರ ಇಮೇಲ್‌ನಲ್ಲಿ ಇದ್ದರೆ ಕೌಂಟರ್‌ನಲ್ಲಿ ಮಾತು ಉಳಿಯುತ್ತದೆ. ಲೈಟರ್, ಬೆಂಕಿಪೊಟ್ಟಣ ಲೇಹ್‌ನಲ್ಲೇ ಕೊಳ್ಳಿ.

ರೈಲಿನಲ್ಲೂ ನಿಷೇಧ. "ಸಣ್ಣ ಡಬ್ಬಿ, ಯಾರು ನೋಡುತ್ತಾರೆ" ಎಂದು ಎಷ್ಟೋ ಜನ ಒಯ್ಯುತ್ತಾರೆ. 1989ರ ರೈಲ್ವೆ ಕಾಯ್ದೆಯ 164ನೇ ಸೆಕ್ಷನ್ ಪ್ರಕಾರ ಇದಕ್ಕೆ 3 ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ ಆಗಬಹುದು. ಕಾನೂನು ಬಿಡಿ. 2023ರ ಆಗಸ್ಟ್ 26ರಂದು ಮಧುರೈನಲ್ಲಿ ನಿಂತಿದ್ದ ಪ್ರವಾಸಿ ಬೋಗಿಗೆ ಬೆಂಕಿ ಬಿತ್ತು. ಕದ್ದು ತಂದಿದ್ದ ಗ್ಯಾಸ್ ಸಿಲಿಂಡರ್ ಅದಕ್ಕೆ ಕಾರಣ ಎಂದು ರೈಲ್ವೆ ಹೇಳಿತು. 9 ಜನ ಹೋದರು.

ಲೇಹ್ ಪೇಟೆಯ ಟ್ರೆಕಿಂಗ್ ಅಂಗಡಿಗಳಲ್ಲಿ ತಿರುಪಿನ ಡಬ್ಬಿ ಸಿಗುತ್ತದೆ. ಸೀಸನ್ ಕೊನೆಗೆ ದಾಸ್ತಾನು ಕರಗಿರಬಹುದು, ಹಾಗಾಗಿ ಫೋನ್ ಮಾಡಿ ತೆಗೆದಿಡಲು ಹೇಳಿ. ಎತ್ತರಕ್ಕೆ ಒಗ್ಗಿಕೊಳ್ಳಲು ಹೇಗೂ ಲೇಹ್‌ನಲ್ಲಿ ಎರಡು ಮೂರು ದಿನ ಇರಬೇಕಲ್ಲ, ಹುಡುಕಲು ಸಮಯ ಇರುತ್ತದೆ. ಕೊಳ್ಳುವಾಗ ಕೈಯಲ್ಲಿ ತೂಗಿ ನೋಡಿ. ಬಳಸಿದ ಡಬ್ಬಿಯನ್ನೋ, ಮತ್ತೆ ತುಂಬಿದ್ದನ್ನೋ ಹೊಸದರ ಜೊತೆ ಸೇರಿಸಿಟ್ಟಿರುವ ಅಂಗಡಿಗಳೂ ಇರುತ್ತವೆ. 230 ಗ್ರಾಂ ಡಬ್ಬಿಯ ತಗಡೇ 150 ಗ್ರಾಂ ಆಸುಪಾಸು ಇರುತ್ತದೆ, ಹಾಗಾಗಿ ತುಂಬಿದ್ದರೆ ತಕ್ಕಡಿಯಲ್ಲಿ 380ರ ಹತ್ತಿರ ತೋರಿಸಬೇಕು. ವಾಲ್ವ್ ಮೇಲಿನ ಪ್ಲಾಸ್ಟಿಕ್ ಮುಚ್ಚಳ ಸಡಿಲವಾಗಿದ್ದರೆ, ತಿರುಪಿನಲ್ಲಿ ಗೀರುಗಳಿದ್ದರೆ ಬೇರೆ ಕೇಳಿ.

ಎಷ್ಟು ಬೇಕು

ಒಂದು ಲೀಟರ್ ನೀರು ಕುದಿಸಲು ಗಾಳಿ ಇಲ್ಲದ ಕಡೆ, ಮುಚ್ಚಳ ಹಾಕಿದರೆ, ಸುಮಾರು 15 ಗ್ರಾಂ ಗ್ಯಾಸ್ ಸಾಕು. ಚಳಿ ಗಾಳಿ ಸೇರಿಸಿ 20 ಎಂದಿಟ್ಟುಕೊಳ್ಳಿ. ಬೆಳಗಿನ ಚಹಾ, ತಿಂಡಿ, ಸಂಜೆಯ ಸೂಪು, ಊಟ, ರಾತ್ರಿ ಬಾಟಲಿಗೆ ಬಿಸಿನೀರು ಎಲ್ಲ ಸೇರಿ ಮೂವರಿಗೆ ದಿನಕ್ಕೆ 5 ಲೀಟರ್ ಹಿಡಿಯೋಣ. ದಿನಕ್ಕೆ 100 ಗ್ರಾಂ ಆಯಿತು. ಐದು ದಿನಕ್ಕೆ ಅರ್ಧ ಕೆಜಿ. 450ರದ್ದು ಒಂದು, 230ರದ್ದು ಒಂದು ಇದ್ದರೆ ನಿಶ್ಚಿಂತೆ. ಕುಡಿಯುವ ನೀರನ್ನೆಲ್ಲ ಕುದಿಸಲು ಹೋದರೆ ಈ ಲೆಕ್ಕ ತಲೆಕೆಳಗಾಗುತ್ತದೆ, ಅದಕ್ಕೆ ಫಿಲ್ಟರನ್ನೋ ಕ್ಲೋರಿನ್ ಮಾತ್ರೆಯನ್ನೋ ಬಳಸಿ. ಕೇದಾರಕಂಠದಲ್ಲಿ ಹಿಮ ಕರಗಿಸಿದ್ದರೆ ಗ್ಯಾಸ್ ಯಾಕೆ ಅಷ್ಟು ಬೇಗ ಮುಗಿಯಿತು ಅನಿಸಿರಬೇಕು. ಒಂದು ಕೆಜಿ ಹಿಮ ಬರೀ ಕರಗಲು ಬೇಕಾಗುವ ಶಾಖದಲ್ಲಿ ಅಷ್ಟೇ ನೀರನ್ನು ಸೊನ್ನೆಯಿಂದ 80 ಡಿಗ್ರಿಗೆ ಏರಿಸಬಹುದು.

ನಿಮಾಲಿಂಗ್ ಎತ್ತರದಲ್ಲಿ ನೀರು ಸುಮಾರು 84 ಡಿಗ್ರಿಗೇ ಕುದಿಯುತ್ತದೆ. ಎಷ್ಟು ಉರಿ ಕೊಟ್ಟರೂ ಅದಕ್ಕಿಂತ ಬಿಸಿಯಾಗುವುದಿಲ್ಲ. ಕುಕ್ಕರ್ ಇಲ್ಲದೆ ಬೇಳೆ ಬೇಯಿಸುವ ಆಸೆ ಬಿಡಿ, ಅನ್ನವೂ ಗಟ್ಟಿಯಾಗಿಯೇ ಉಳಿಯುತ್ತದೆ. ಕುಕ್ಕರ್ ಹೊರುವ ಬದಲು ನೀರು ಬಿದ್ದರೆ ಸಾಕು ಎನ್ನುವಂಥ ಪದಾರ್ಥ ಒಯ್ಯಿರಿ. ಗೊಜ್ಜವಲಕ್ಕಿ ಪುಡಿ ಕಲಸಿದ ತೆಳು ಅವಲಕ್ಕಿ, ತೆಳು ಶಾವಿಗೆ, ಮನೆಯಲ್ಲೇ ಹುರಿದು ಒಗ್ಗರಣೆ ಹಾಕಿದ ರವೆ. ಹುರಿಹಿಟ್ಟಿಗಂತೂ ಉರಿಯೇ ಬೇಕಿಲ್ಲ, ಬೆಲ್ಲ ತುಪ್ಪ ಇದ್ದರಾಯಿತು. ಲಡಾಖಿಗಳ ಸಾಂಪಾ ಕೂಡ ಹುರಿದ ಬಾರ್ಲಿ ಹಿಟ್ಟೇ, ಲೇಹ್‌ನಲ್ಲಿ ಸಿಗುತ್ತದೆ.

ಇನ್ನೊಂದು ಆಯ್ಕೆಯನ್ನೂ ಯೋಚಿಸಿ. ಸ್ಕಿಯು, ಮಾರ್ಖಾ, ಹಂಕರ್ ಹಳ್ಳಿಗಳಲ್ಲಿ ಹೋಮ್‌ಸ್ಟೇಗಳಿವೆ. ರಾತ್ರಿ ಊಟ, ಬೆಳಗಿನ ತಿಂಡಿ, ದಾರಿಗೆ ಬುತ್ತಿ ಕೊಡುತ್ತಾರೆ. ನಿಮಾಲಿಂಗ್‌ನಲ್ಲೂ ಸೀಸನ್‌ನಲ್ಲಿ ಊಟ ಕೊಡುವ ಟೆಂಟುಗಳಿರುತ್ತವೆ, ನಿಮ್ಮ ತಾರೀಖಿಗೆ ತೆರೆದಿರುತ್ತವೆಯೇ ಎಂದು ಲೇಹ್‌ನಲ್ಲಿ ವಿಚಾರಿಸಿಕೊಳ್ಳಿ. ಹೀಗೆ ಹೋದರೆ ನಿಮಗೆ ಬೇಕಾದದ್ದು ದಾರಿಯ ಚಹಾಕ್ಕೆ ಮತ್ತು ಆಪತ್ತಿಗೆ 230ರ ಒಂದು ಡಬ್ಬಿ, ಜೊತೆಗೆ 100ರದ್ದು ಒಂದು. ಬೆನ್ನಿಗೆ ಹಗುರ, ಹಳ್ಳಿಯವರಿಗೆ ನಾಲ್ಕು ಕಾಸು. ಮೊದಲ ಸಲ ಅಷ್ಟು ಎತ್ತರಕ್ಕೆ ಹೋಗುವವರಿಗೆ ನಾನು ಹೇಳುವುದು ಇದನ್ನೇ.

ಮನೆಯಲ್ಲಿ ಉಳಿದಿರುವ ಉದ್ದ ಬ್ಯುಟೇನ್ ಡಬ್ಬಿಗಳನ್ನು ಎಸೆಯಬೇಡಿ. ನಮ್ಮ ಕಡೆಯ ಹವೆಗೆ ಅವು ಚೆನ್ನಾಗಿಯೇ ಉರಿಯುತ್ತವೆ. ಸ್ನೇಹಿತರ ತೋಟದಲ್ಲೋ ಹೋಮ್‌ಸ್ಟೇ ಅಂಗಳದಲ್ಲೋ ಬಳಸಿ ಮುಗಿಸಿ. ಕುದುರೆಮುಖ, ಕುಮಾರಪರ್ವತದಂಥ ಅರಣ್ಯ ಇಲಾಖೆಯ ದಾರಿಗಳಿಗೆ ಮಾತ್ರ ಒಯ್ಯಬೇಡಿ. ಸ್ಟವ್ ಕೂಡ ಬೆಂಕಿಯೇ. ಫೆಬ್ರುವರಿ ಮಾರ್ಚ್‌ನಲ್ಲಿ ಅಲ್ಲಿನ ಒಣಹುಲ್ಲಿಗೆ ಒಂದು ಕಿಡಿ ಸಾಕು.

ಹೊರಡುವ ವಾರ ಸ್ಟವ್ ತೆಗೆದು ತಿರುಪಿನ ಒಳಗಿರುವ ಕಪ್ಪು ರಬ್ಬರ್ ಉಂಗುರ ನೋಡಿ. ಬಿರುಕು ಬಿಟ್ಟಿದ್ದರೆ, ಚಪ್ಪಟೆಯಾಗಿದ್ದರೆ ಬದಲಿಸಿ, ಅದೇ ಅಳತೆಯದನ್ನೇ ಹಾಕಿ. ಲೇಹ್‌ನಲ್ಲಿ ಡಬ್ಬಿ ಕೊಂಡ ದಿನವೇ ಬಯಲಲ್ಲಿ ಜೋಡಿಸಿ, ಸೇರುವ ಜಾಗಕ್ಕೆ ಸೋಪಿನ ನೀರು ಹಚ್ಚಿ. ಕೂರಿಸುವಾಗ, ಬಿಚ್ಚುವಾಗ ಒಂದು ಕ್ಷಣ ಬುಸ್ ಎನ್ನುವುದು ಸಹಜ. ಆಮೇಲೂ ಗುಳ್ಳೆ ಏಳುತ್ತಿದ್ದರೆ ಡಬ್ಬಿ ವಾಪಸ್ ಕೊಡಿ. ಸ್ಟವ್‌ಗೆ ಒತ್ತಿದರೆ ಕಿಡಿ ಹಾರುವ ಗುಂಡಿ ಇದ್ದರೂ ಎತ್ತರದಲ್ಲಿ ಅದು ಬಹಳ ಸಲ ಕೈಕೊಡುತ್ತದೆ. ಸಿಗರೇಟ್ ಲೈಟರ್ ಒಳಗಿರುವುದೂ ಬ್ಯುಟೇನೇ, ಬೆಳಗಿನ ಚಳಿಗೆ ಅದೂ ಮುಷ್ಕರ ಹೂಡುತ್ತದೆ. ಎರಡು ಬೆಂಕಿಪೊಟ್ಟಣ ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಒಂದನ್ನು ನಿಮ್ಮ ಜೇಬಲ್ಲಿ, ಇನ್ನೊಂದನ್ನು ಗೆಳೆಯರ ಜೇಬಲ್ಲಿ ಇಡಿ. ಖಾಲಿ ಡಬ್ಬಿಗಳನ್ನು ಲೇಹ್‌ಗೆ ವಾಪಸ್ ತನ್ನಿ. ಕೊಂಡ ಅಂಗಡಿಯಲ್ಲೇ ಕೇಳಿದರೆ ಎಲ್ಲಿ ಕೊಡಬೇಕೆಂದು ಹೇಳುತ್ತಾರೆ.